ಹಳೇದು-ಒಂದು ಎಂಬ ಫೈಲು

ಮಾರ್ಚ್ 3, ಸೋಮವಾರ

ಬೆಳಿಗ್ಗೆ ಹತ್ತೂಕಾಲಿಗೆ ಆಸ್ಪತ್ರೆಯ ಕಂಪ್ಯೂಟರುಗಳೆಲ್ಲ ಒಟ್ಟಿಗೇ ಗರ ಬಡಿದಂತೆ ನಿಂತುಬಿಟ್ಟವು. ಚೀಟಿ ಕೊಡುವ ಕಿಟಕಿ, ಕಿವಿ ಪರೀಕ್ಷೆಯ ಕೋಣೆ, ಔಷಧದ ಕೌಂಟರು, ಎಲ್ಲಿ ನೋಡಿದರೂ ಪರದೆಯ ಮುಂದೆ ಕೈಕಟ್ಟಿ ಕೂತ ಜನ. ಹನ್ನೊಂದು ನಿಮಿಷ. ಒಬ್ಬರು ಡಾಕ್ಟರು ರೋಗಿಯ ಗಂಟಲಿಗೆ ಕ್ಯಾಮೆರಾ ಇಳಿಸಿ ಪರದೆ ನೋಡುತ್ತಿದ್ದರಂತೆ. ಚಿತ್ರ ಅಲ್ಲಾಡದೆ ನಿಂತದ್ದನ್ನು ಕಂಡು ರೋಗಿಯೇ ನಿಂತುಹೋದನೆಂದು ಬೆವತುಬಿಟ್ಟರಂತೆ.

ನಾನು ಸರ್ವರ್ ಕೋಣೆಗೆ ಓಡಿದೆ. ಟೇಪಣ್ಣ ನಡೆದುಕೊಂಡು ಬಂದರು. ಅವರು ಓಡಿದ್ದನ್ನು ಹದಿನಾರು ವರ್ಷಗಳಲ್ಲಿ ನಾನು ನೋಡಿಲ್ಲ. ಬ್ಯಾಕಪ್ಪನ್ನು ಟೇಪಿನ ಮೇಲೆ ತೆಗೆಯುತ್ತಿದ್ದ ಕಾಲದಿಂದ ಇಲ್ಲಿದ್ದಾರೆ, ಆ ಹೆಸರು ಹಾಗೆ ಬಂದದ್ದು. ಬಂದರು, ಕನ್ನಡಕ ಒರೆಸಿಕೊಂಡರು, ಪರದೆ ನೋಡಿದರು.

"ಡಿಸ್ಕ್ ತುಂಬಿದೆ ತಂಗಿ. ಉಸಿರಾಡೋಕೂ ಜಾಗ ಇಲ್ಲ."

ವಯಸ್ಸಿನಲ್ಲಿ ನಾನು ಅವರಿಗಿಂತ ಹನ್ನೊಂದು ವರ್ಷ ಚಿಕ್ಕವಳು, ಹುದ್ದೆಯಲ್ಲಿ ಮೇಲಿನವಳು. ಜನರ ಎದುರು ನನ್ನನ್ನು ಮೇಡಂ ಎನ್ನುತ್ತಾರೆ. ನಾವಿಬ್ಬರೇ ಇದ್ದಾಗ ತಂಗಿ. ಹಳೆಯ ಅಪ್‌ಡೇಟ್ ಫೈಲುಗಳನ್ನು ಅಳಿಸಿ ಸ್ವಲ್ಪ ಜಾಗ ಮಾಡಿದೆವು. ಎಲ್ಲ ಮತ್ತೆ ಓಡತೊಡಗಿತು.

ಮಧ್ಯಾಹ್ನ ಅಧೀಕ್ಷಕರಿಂದ ಕರೆ. ಅವರ ಅಂಗಿಯ ಇಸ್ತ್ರಿ ಗೆರೆ ಸಂಜೆ ಆರಕ್ಕೂ ಬ್ಲೇಡಿನಂತೆ ಇರುತ್ತದೆ, ಆದ್ದರಿಂದ ಇಡೀ ಆಸ್ಪತ್ರೆಗೆ ಅವರು ಇಸ್ತ್ರಿ ಸಾಹೇಬರು. ಇದೇ ಇಪ್ಪತ್ನಾಲ್ಕಕ್ಕೆ ಹೊಸ ಸ್ಕ್ಯಾನಿಂಗ್ ಯಂತ್ರ ಬರುತ್ತದೆ, ಅದರ ಚಿತ್ರಗಳಿಗೆ ಜಾಗ ಬೇಕು, ಹೊಸ ಡಿಸ್ಕ್ ಈ ವರ್ಷ ಇಲ್ಲ. ಈಗ ನೂರಕ್ಕೆ ತೊಂಬತ್ತಾರು ತುಂಬಿರುವುದನ್ನು ಎಪ್ಪತ್ತಕ್ಕೆ ಇಳಿಸಬೇಕು.

"ಆಸ್ಪತ್ರೆಯ ಎರಡೂ ಕಟ್ಟಡದ ಕಂಪ್ಯೂಟರ್ ವಿಭಾಗ ಒಂದೇ ಆಗ್ತಿದೆ," ಎಂದರು ಕೊನೆಗೆ. "ಮುಖ್ಯಸ್ಥರು ಒಬ್ಬರೇ ಇರ್ತಾರೆ. ನಿಮ್ಮ ಹೆಸರು ನನ್ನ ಮನಸ್ಸಲ್ಲಿದೆ. ಕೆಲಸ ನೋಡೋಣ."

ಮನಸ್ಸಿನಲ್ಲಿರುವ ಹೆಸರನ್ನು ಯಾವಾಗ ಬೇಕಾದರೂ ಅಳಿಸಬಹುದು, ಅದಕ್ಕೆ ಯಾರ ಅನುಮತಿಯೂ ಬೇಡ. ಹಾಗೆ ಹೇಳಬೇಕೆನಿಸಿತು. ಹೇಳಲಿಲ್ಲ. ಅದಕ್ಕೇ ಈ ಖಾಲಿ ಡೈರಿ ಹುಡುಕಿ ತೆಗೆದೆ. ಬಾಯಿಗೆ ಬಂದು ವಾಪಸ್ ಹೋದ ಮಾತುಗಳಿಗೂ ಎಲ್ಲಾದರೂ ಒಂದು ಜಾಗ ಬೇಕಲ್ಲ.

ಮಾರ್ಚ್ 4, ಮಂಗಳವಾರ

ಅಮ್ಮ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೇಳಿದಳು: "ಅದೇನು ಜಾಗ ಇಲ್ಲ, ಜಾಗ ಇಲ್ಲ ಅಂತ ನಿನ್ನೆಯಿಂದ ಬಡ್ಕೊಳ್ತಿದೀಯ?"

ಹೇಳಿದೆ. ನಮ್ಮ ಹತ್ತಿರ ಇರುವುದು ಒಂದು ದೊಡ್ಡ ಯಂತ್ರ. ಅದರೊಳಗೆ ಅರವತ್ತೊಂದು ಯಂತ್ರಗಳು ಇರುವ ಹಾಗೆ ನಟಿಸುತ್ತವೆ, ಚೀಟಿಗೊಂದು, ಔಷಧಕ್ಕೊಂದು, ಎಕ್ಸ್‌ರೇಗೊಂದು. ಪ್ರತಿಯೊಂದರ ಇಡೀ ಸಂಸಾರವೂ ಒಂದೇ ಫೈಲಿನಲ್ಲಿ ಕೂತಿರುತ್ತದೆ. ಅದನ್ನು ನಾವು ಇಮೇಜ್ ಅನ್ನುತ್ತೇವೆ. ಒಳಗೆ ಏನಾದರೂ ತುಂಬಿದರೆ ಇಮೇಜ್ ಉಬ್ಬುತ್ತದೆ. ಆದರೆ ಒಳಗಿನದನ್ನು ಅಳಿಸಿದರೆ ತಾನಾಗಿ ಇಳಿಯುವುದಿಲ್ಲ, ಉಬ್ಬಿದ್ದು ಉಬ್ಬಿದ ಹಾಗೇ ಇರುತ್ತದೆ.

"ನಿನ್ನ ಚಿಕ್ಕಪ್ಪನ ಹೊಟ್ಟೆ ಥರ ಅನ್ನು. ಊಟ ಬಿಟ್ಟು ಒಂದು ವರ್ಷ ಆದ್ರೂ ಮುಂದೇನೇ ಇತ್ತು."

ಹದಿನಾರು ವರ್ಷಗಳಲ್ಲಿ ನನ್ನ ಕೆಲಸವನ್ನು ಇಷ್ಟು ಚೆನ್ನಾಗಿ ಅರ್ಥಮಾಡಿಕೊಂಡವರು ಇವಳೊಬ್ಬಳೇ. ಅದನ್ನು ಇಳಿಸುವುದು ಹೇಗೆ ಅಂತಲೂ ಕೇಳಿದಳು. ಯಂತ್ರ ನಿಲ್ಲಿಸಿ, ಒಳಗಿನ ಖಾಲಿ ಜಾಗಕ್ಕೆಲ್ಲ ಸೊನ್ನೆ ತುಂಬಿ, ಆಮೇಲೆ ಇಡೀ ಇಮೇಜನ್ನು ಹಿಂಡಬೇಕು. ಒಂದೊಂದಕ್ಕೂ ಮೂರು ನಾಲ್ಕು ಗಂಟೆ.

"ಟೇಪಣ್ಣ ಇದಾನಲ್ಲ, ಬಿಡು. ಹಿಂಡ್ತಾನೆ," ಎಂದಳು. ಅವಳ ರೇಡಿಯೋ, ಮಿಕ್ಸಿ, ಕಿವಿಯ ಯಂತ್ರ ಎಲ್ಲವನ್ನೂ ರಿಪೇರಿ ಮಾಡಿಕೊಡುವವರು ಅವರು. ಅವಳ ಪ್ರಪಂಚದಲ್ಲಿ ಅವರಿಂದ ಆಗದ ಕೆಲಸವೇ ಇಲ್ಲ.

ಮಾರ್ಚ್ 7, ಶುಕ್ರವಾರ

ಎಂಬತ್ತೊಂಬತ್ತಕ್ಕೆ ಇಳಿದಿದೆ. ನಾನು ನಿಯಮವೊಂದನ್ನು ಮಾಡಿಕೊಂಡಿದ್ದೇನೆ: ಯಾರ ಯಂತ್ರವೋ ಅವರನ್ನು ಕೇಳದೆ ಒಂದು ಫೈಲನ್ನೂ ಮುಟ್ಟುವುದಿಲ್ಲ. ಟೇಪಣ್ಣ ತಮ್ಮ ಉದ್ದ ನೋಟ್‌ಬುಕ್ಕಿನಲ್ಲಿ ಎಲ್ಲವನ್ನೂ ಪೆನ್ಸಿಲಿನಲ್ಲಿ ಬರೆಯುತ್ತಾರೆ, ಯಾವ ಫೈಲು, ಯಾರನ್ನು ಕೇಳಿದೆವು, ಏನೆಂದರು, ಎಷ್ಟು ಗಂಟೆಗೆ.

ಇವತ್ತು ಧ್ವನಿ ಡಾಕ್ಟರ ಸರದಿ. ಗಂಟಲಿನ ಗಡ್ಡೆಗೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾದ ರೋಗಿಗಳು ಆಪರೇಷನ್ನಿಗೆ ಮೊದಲು ಈ ಡಾಕ್ಟರಮ್ಮನ ಕೋಣೆಯಲ್ಲಿ ಕೂತು ನಾನೂರು ವಾಕ್ಯ ಓದುತ್ತಾರೆ. ಓದುವಾಗ ತುಟಿ, ಗಂಟಲು ಆಡುವ ವೀಡಿಯೋ ಕೂಡ ತೆಗೆಯುತ್ತಾರೆ. ಅದರಿಂದ ಅವರದೇ ಧ್ವನಿ ತಯಾರಾಗುತ್ತದೆ. ಆಮೇಲೆ ಅಂಗೈಯಷ್ಟು ದೊಡ್ಡ ಯಂತ್ರದಲ್ಲಿ ಟೈಪ್ ಮಾಡಿದರೆ ಅದು ನಮ್ಮ ಸರ್ವರಿನಿಂದ ಆ ಧ್ವನಿ ತಂದು ಮಾತಾಡುತ್ತದೆ.

"ಇನ್ನೂರ ಹನ್ನೆರಡು ಜನ ಇದಾರೆ ನನ್ನ ಮಷಿನ್ನಲ್ಲಿ. ಯಾರನ್ನ ತೆಗೀಲಿ ಹೇಳಿ?" ಎಂದರು ಡಾಕ್ಟರು.

"ನಿಮ್ಮದನ್ನ ಮುಟ್ಟಲ್ಲ ಡಾಕ್ಟ್ರೇ," ಎಂದೆ. ಟೇಪಣ್ಣ ಅದನ್ನೂ ಬರೆದುಕೊಂಡರು.

ಮಾರ್ಚ್ 13, ಗುರುವಾರ

ಎಂಬತ್ಮೂರು. ಹಿಂಡಿ ಹಿಂಡಿ ಇನ್ನು ರಸವೇ ಉಳಿದಿಲ್ಲ. ಔಷಧ ವಿಭಾಗದವರು ಮೂರು ದಿನದಿಂದ ಉತ್ತರ ಕೊಟ್ಟಿಲ್ಲ. ಎಕ್ಸ್‌ರೇಯವರಿಗೆ ಯಂತ್ರ ನಿಲ್ಲಿಸಲು ಪುರುಸೊತ್ತಿಲ್ಲ. ಕೇಳಿದರೆ ಎಲ್ಲರೂ ಒಂದೇ ಮಾತು ಹೇಳುತ್ತಾರೆ, ಇರಲಿ ಬಿಡಿ, ಯಾವತ್ತಾದರೂ ಬೇಕಾಗಬಹುದು. ಜನ ತಮ್ಮ ಮನೆಯ ಹಳೇ ಚಪ್ಪಲಿಯನ್ನಾದರೂ ಬಿಸಾಡುತ್ತಾರೆ, ಫೈಲನ್ನು ಮಾತ್ರ ಇಲ್ಲ.

ಇಸ್ತ್ರಿ ಸಾಹೇಬರು ಎದುರು ಸಿಕ್ಕರು. "ಎಲ್ರನ್ನೂ ಕೇಳ್ತಾ ಕೂತ್ರೆ ಆಗುತ್ತಾ ಮೇಡಂ? ಆ ಕಟ್ಟಡದವರು ಆಗ್ಲೇ ಎಪ್ಪತ್ತೆರಡಕ್ಕೆ ತಂದಿದಾರೆ." ಆ ಕಟ್ಟಡದವನು ಸೇವೆಯಲ್ಲಿ ನನಗಿಂತ ಆರು ವರ್ಷ ಕಿರಿಯ. ಕಾರಿಡಾರಿನಲ್ಲಿ ನನ್ನನ್ನು ಕಂಡರೆ ಈಗಾಗಲೇ ಮುಖ್ಯಸ್ಥನಾದವನಂತೆ ತಲೆಯಾಡಿಸುತ್ತಾನೆ.

ಅಮ್ಮನಿಗೆ ಇವತ್ತು ಸುಮ್ಮನೆ ರೇಗಿದೆ. ಲೋಟ ಜೋರಾಗಿ ಇಟ್ಟಳು ಎಂದು.

ಮಾರ್ಚ್ 18, ಮಂಗಳವಾರ

ಎಪ್ಪತ್ತೆಂಟು. ಇನ್ನು ಎಂಟು ಪಾಲು ಇಳಿಯಬೇಕು, ಉಳಿದದ್ದು ಆರು ದಿನ.

ಯಜಮಾನರೇ ಇಲ್ಲದ ಫೈಲುಗಳ ಪಟ್ಟಿ ಮಾಡಿದೆವು. ಇಪ್ಪತ್ಮೂರು ಸಿಕ್ಕವು. ಹೆಚ್ಚಿನವು ಎಂದೋ ಪ್ರಯೋಗಕ್ಕೆ ಮಾಡಿದ ಯಂತ್ರಗಳ ಅವಶೇಷ. ಅದರಲ್ಲೊಂದು ಭಾರಿ ಫೈಲು, ಹೆಸರು 'ಹಳೇದು-ಒಂದು'. ಒಟ್ಟು ಜಾಗದಲ್ಲಿ ಒಂಬತ್ತು ಪಾಲು ಅದೊಂದೇ ತಿಂದು ಕೂತಿದೆ. ಆರು ವರ್ಷದಿಂದ ಅದರಲ್ಲಿ ಒಂದಕ್ಷರವೂ ಬದಲಾಗಿಲ್ಲ. ಟೇಪಣ್ಣ ಅದರ ಮುಂದೆ ಪೆನ್ಸಿಲಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದರು.

"ಇಷ್ಟು ದೊಡ್ಡದನ್ನ ಯಾರೂ ಸುಮ್ನೆ ಇಟ್ಟಿರಲ್ಲ ತಂಗಿ. ಇದರ ಮೇಲೆ ಯಾರೋ ಕೂತಿರಬಹುದು."

"ಯಾರು?"

"ಅದನ್ನೇ ಹುಡುಕಬೇಕು."

ಅವರ ಹುಡುಕಾಟವೂ ಅವರ ನಡಿಗೆಯಷ್ಟೇ ನಿಧಾನ. ನನಗೆ ನಗು ಬರಬೇಕಿತ್ತು, ಬರಲಿಲ್ಲ.

ಮಾರ್ಚ್ 20, ಗುರುವಾರ

ಅರವತ್ತೊಂಬತ್ತು!

ಮೊದಲಿನಿಂದ ಬರೆಯುತ್ತೇನೆ. ಐದು ಗಂಟೆಗೆ ಡಾಕ್ಟರುಗಳ ಸಭೆ ಇತ್ತು. ಅಲ್ಲಿ ಎರಡೂ ಕಟ್ಟಡದವರು ಎಲ್ಲಿಗೆ ತಂದಿದ್ದೇವೆಂದು ಹೇಳಬೇಕಿತ್ತು. ಮೂರು ಗಂಟೆಯಿಂದಲೇ ಇಸ್ತ್ರಿ ಸಾಹೇಬರು ಹತ್ತು ನಿಮಿಷಕ್ಕೊಮ್ಮೆ ಫೋನ್ ಮಾಡುತ್ತಿದ್ದರು. ನನ್ನ ಕಂಪ್ಯೂಟರಿನಲ್ಲಿ ಎಕ್ಸ್‌ರೇ ಇಮೇಜ್ ಹಿಂಡುವ ಕೆಲಸ ನಡೆದಿತ್ತು, ಟೇಪಣ್ಣ ತಮ್ಮದರಲ್ಲಿ ಪಟ್ಟಿಯ ಫೈಲುಗಳನ್ನು ಅಳಿಸುತ್ತ ಬಂದರು. ಹಳೇದು-ಒಂದು ಬಂದಾಗ ಕೈ ನಿಲ್ಲಿಸಿದರು.

"ಇದು ಇನ್ನೂ ಗೊತ್ತಾಗಿಲ್ಲ ತಂಗಿ."

"ಆರು ವರ್ಷದಿಂದ ಯಾರೂ ಮುಟ್ಟಿಲ್ಲ ಟೇಪಣ್ಣ. ತೆಗೀರಿ," ಎಂದೆ. ಪಟ್ಟಿಯಲ್ಲಿದ್ದ ಪ್ರಶ್ನಾರ್ಥಕ ಚಿಹ್ನೆಯ ಮೇಲೆ ನಾನೇ ಪೆನ್ನಿನಲ್ಲಿ ಗೆರೆ ಎಳೆದೆ.

ಅಳಿಸಿದರು. ಫೈಲು ಹೋಯಿತು. ಆದರೆ ಜಾಗ ಇದ್ದಷ್ಟೇ ಇತ್ತು, ಎಪ್ಪತ್ತೆಂಟು.

"ನೋಡು," ಎಂದರು. "ಹೆಸರು ಹೋಯ್ತು, ಜಾಗ ಬಿಟ್ಟಿಲ್ಲ. ಓಡ್ತಿರೋ ಯಂತ್ರ ಯಾವುದೋ ಇದನ್ನ ಹಿಡ್ಕೊಂಡಿದೆ. ಯಾವುದು ಅಂತ ನೋಡೋಣ. ಅರ್ಧ ಗಂಟೆ ಕೊಡು."

ಆಗಲೇ ನಾಲ್ಕೂ ಇಪ್ಪತ್ತು. ಮತ್ತೆ ಫೋನ್ ಬಂತು. ನಾನು ರಿಸೀವರನ್ನು ಕೈಯಿಂದ ಮುಚ್ಚಿ, "ಸರ್ವರನ್ನೇ ರೀಸ್ಟಾರ್ಟ್ ಮಾಡಿ, ಹಿಡ್ಕೊಂಡಿರೋದು ತಾನಾಗೇ ಬಿಡುತ್ತೆ" ಎಂದೆ. ಅವರು ನನ್ನ ಮುಖ ನೋಡಿದರು.

"ಮಾಡ್ಲಾ?"

"ಮಾಡಿ."

ಮಾಡಿದರು. ಅರವತ್ತೊಂಬತ್ತು. ಸಭೆಯಲ್ಲಿ ಹೇಳಿದಾಗ ಆ ಕಟ್ಟಡದವನ ಮುಖ ನೋಡಬೇಕಿತ್ತು. ಇಸ್ತ್ರಿ ಸಾಹೇಬರು ಎಲ್ಲರೆದುರು, "ಇವರನ್ನ ನೋಡಿ ಕಲೀರಿ" ಎಂದರು. ಮನೆಗೆ ಬರುವಾಗ ಅಮ್ಮನಿಗೆ ಹೊಸ ಮಂಡಿಪಟ್ಟಿ ತಂದೆ.

ಮಾರ್ಚ್ 21, ಶುಕ್ರವಾರ

ಧ್ವನಿ ಡಾಕ್ಟರ ಯಂತ್ರ ಏಳುತ್ತಿಲ್ಲ. ಅದು ಕೂತಿದ್ದದ್ದು ಹಳೇದು-ಒಂದರ ಮೇಲೆ.

ಆರು ವರ್ಷದ ಹಿಂದೆ ಅವರ ಸಾಫ್ಟ್‌ವೇರ್ ಬದಲಾಯಿಸುವ ಮೊದಲು, ಏನಾದರೂ ಎಡವಟ್ಟಾದರೆ ಹಿಂದಕ್ಕೆ ಹೋಗಲು ಇರಲಿ ಎಂದು, ಅಲ್ಲಿಯವರೆಗಿನದನ್ನೆಲ್ಲ ಹಾಗೆಯೇ ನಿಲ್ಲಿಸಿ ಅದರ ಮೇಲೆ ಹೊಸ ಪದರ ಹಾಕಿದ್ದೆವು. ಅಂದಿನಿಂದ ಬರೆದದ್ದೆಲ್ಲ ಮೇಲಿನ ಪದರಕ್ಕೆ. ತಳದ್ದನ್ನು ಯಂತ್ರ ದಿನವೂ ಓದುತ್ತಿತ್ತು, ಬರೆಯುತ್ತಿರಲಿಲ್ಲ, ಅಷ್ಟೇ. ದಿನದ ಬ್ಯಾಕಪ್ ಕೂಡ ಮೇಲಿನ ಪದರದ್ದು ಮಾತ್ರ. ಮೊದಲ ನೂರ ಮೂವತ್ತೊಂದು ಜನರ ಧ್ವನಿ ತಳದಲ್ಲಿತ್ತು. ಅವರ ಪೈಕಿ ಇನ್ನೂ ಬದುಕಿರುವವರು ತೊಂಬತ್ನಾಲ್ಕು.

ಹಳೇದು-ಒಂದು ಎಂದು ಹೆಸರಿಟ್ಟವಳು ನಾನೇ. ಹಳೆಯ ಟಿಪ್ಪಣಿ ಸಿಕ್ಕಿತು, ನನ್ನದೇ ಸಹಿ.

ಹನ್ನೊಂದಕ್ಕೆ ಧ್ವನಿ ಡಾಕ್ಟರು ಒಬ್ಬ ರೋಗಿಯನ್ನು ಕರೆದುಕೊಂಡೇ ಬಂದರು. ಸಗಟು ತರಕಾರಿ ಮಾರುಕಟ್ಟೆಯಲ್ಲಿ ಮೂವತ್ತು ವರ್ಷ ಹರಾಜು ಕೂಗಿದವರಂತೆ. ಅಗಲ ಎದೆಯ ಮನುಷ್ಯ, ಕೊರಳಲ್ಲಿ ರಂಧ್ರದ ಮೇಲೊಂದು ಬಟ್ಟೆ. ಅಂಗೈ ಯಂತ್ರದಲ್ಲಿ ಒಂದೇ ಗುಂಡಿ ಮತ್ತೆ ಮತ್ತೆ ಒತ್ತುತ್ತಿದ್ದರು. ಅದು ಪ್ರತಿ ಸಲವೂ ಕಂಪನಿಯವರೇ ತುಂಬಿದ ಯಾರದೋ ಧ್ವನಿಯಲ್ಲಿ ನಮಸ್ಕಾರ ಎನ್ನುತ್ತಿತ್ತು. ಅವರ ಹೆಂಡತಿ ಹೇಳಿದರು:

"ಇವರು ನನ್ನ 'ಏನೇ' ಅಂತ ಕರೀತಿದ್ರು. ಮಷಿನ್ನಲ್ಲೂ ಹಂಗೇ ಬರ್ತಿತ್ತು, ಥೇಟು. ಈಗ ಯಾರೋ ವಾರ್ತೆ ಓದೋನು ನನ್ನ ಕರೆದಂಗಾಗುತ್ತೆ."

ನೋಡುತ್ತೇವೆ ಎಂದೆ. ಟೇಪಣ್ಣ ಇಡೀ ದಿನ ಊಟಕ್ಕೆ ಏಳಲಿಲ್ಲ. ಸಂಜೆ ಹೊರಡುವಾಗ, "ಸೋಮವಾರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿಬಿಡೋಣ ತಂಗಿ, ಇಬ್ರೂ," ಎಂದರು. ಹೂಂ ಎಂದೆ. ಹೇಳಲೇಬೇಕು.

ಮಾರ್ಚ್ 23, ಭಾನುವಾರ

ಇಡೀ ದಿನ ಓದಿದೆ. ಅಳಿಸಿದ ಫೈಲನ್ನು ಯಂತ್ರವೊಂದು ಹಿಡಿದುಕೊಂಡಿದ್ದರೆ ಫೈಲು ನಿಜವಾಗಿ ಹೋಗಿರುವುದಿಲ್ಲ. ಯಂತ್ರ ನಿಲ್ಲುವವರೆಗೂ ಅದನ್ನು ಬೇರೆಡೆಗೆ ನಕಲು ಮಾಡಿಕೊಳ್ಳಬಹುದು. ಅಂದರೆ ಟೇಪಣ್ಣ ಕೇಳಿದ ಆ ಅರ್ಧ ಗಂಟೆಯಲ್ಲಿ ಎಲ್ಲವೂ ಅಲ್ಲೇ ಇತ್ತು. ರೀಸ್ಟಾರ್ಟ್ ಮಾಡಿದಾಗ ಹೋಯಿತು. ಆಮೇಲೆ ಆ ಜಾಗಕ್ಕೆ ಬೇರೆ ಏನೇನೋ ಬರೆದಾಗಿದೆ.

ಇದನ್ನು ಬೇರೆಯವರಿಗೆ ಹೇಳಿ ಈಗ ಯಾರಿಗೂ ಉಪಯೋಗವಿಲ್ಲ. ಸುಮ್ಮನೆ ಹೊಟ್ಟೆ ಉರಿಸಿದಂತಾಗುತ್ತದೆ.

ಮಾರ್ಚ್ 24, ಸೋಮವಾರ

ಸ್ಕ್ಯಾನಿಂಗ್ ಯಂತ್ರ ಬಂತು. ಇಸ್ತ್ರಿ ಸಾಹೇಬರು ರಿಬ್ಬನ್ ಹಿಡಿದುಕೊಂಡು ನಿಂತಿದ್ದರು. ಹೇಳುವ ಸಂದರ್ಭ ಅದಲ್ಲ. ಟೇಪಣ್ಣ ಎರಡು ಸಲ ನನ್ನ ಮೇಜಿನ ಹತ್ತಿರ ಬಂದು ನಿಂತು ಹೋದರು.

ಮಾರ್ಚ್ 26, ಬುಧವಾರ

ವಿಚಾರಣೆ. ಇಸ್ತ್ರಿ ಸಾಹೇಬರು, ಇಬ್ಬರು ಹಿರಿಯ ಡಾಕ್ಟರುಗಳು, ಮೇಜಿನ ಮೇಲೆ ಸರ್ವರ್ ತಾನಾಗಿ ದಾಖಲಿಸುವ ಲಾಗ್‌ನ ಪ್ರತಿ. ಅಳಿಸಿದ್ದು, ರೀಸ್ಟಾರ್ಟ್ ಮಾಡಿದ್ದು, ಎರಡರ ಮುಂದೆಯೂ ಟೇಪಣ್ಣನವರ ಲಾಗಿನ್ ಇದೆ. ನನ್ನದು ಎಲ್ಲೂ ಇಲ್ಲ.

"ಇದನ್ನ ಮಾಡಿದ್ದು ಯಾರು?"

"ಟೈಪ್ ಮಾಡಿದ್ದು ನಾನೇ ಸಾರ್," ಎಂದರು ಟೇಪಣ್ಣ. ನನ್ನ ಕಡೆ ತಿರುಗಿದರು ಅಂತ ಕಾಣುತ್ತದೆ. ನಾನು ಲಾಗ್ ಓದುತ್ತಿದ್ದೆ.

"ನೀವು ಎಲ್ಲಾನೂ ಬರೆದಿಡ್ತೀರಂತಲ್ಲ, ಆ ಪುಸ್ತಕ ಎಲ್ಲಿ?"

ಟೇಪಣ್ಣ ಕನ್ನಡಕ ತೆಗೆದು ಒರೆಸಿಕೊಂಡು ಹೇಳಿದರು: "ಅವತ್ತು ಬರೀಲಿಲ್ಲ ಸಾರ್."

ಬರೆದಿದ್ದರು. ಎದುರಿಗೇ ಕೂತಿದ್ದೆನಲ್ಲ. ಯಾಕೆ ಹಾಗೆಂದರೋ.

ನನ್ನನ್ನು ಕೇಳಿದಾಗ, ಪಟ್ಟಿ ನಾವಿಬ್ಬರೂ ಸೇರಿ ಮಾಡಿದ್ದು ಎಂದೆ. ಅದು ನಿಜ. ರೀಸ್ಟಾರ್ಟ್ ಮಾಡಲೇ ಎಂದು ಅವರು ಕೇಳಿದ್ದರು, ನಾನು ಬೇಡ ಎನ್ನಲಿಲ್ಲ. ಅದನ್ನೂ ಹೇಳುವವಳಿದ್ದೆ, ಅಷ್ಟರಲ್ಲಿ ಮುಂದಿನ ಪ್ರಶ್ನೆಗೆ ಹೋದರು.

ಒಬ್ಬರು ಡಾಕ್ಟರು ಉಳಿದ ಮೂವತ್ತೇಳು ಜನರ ವಿಚಾರ ಎತ್ತಿದರು, ತೀರಿಹೋದವರದ್ದು. ಇಸ್ತ್ರಿ ಸಾಹೇಬರು, "ಅವರ ಮನೆಯವರು ಈಗ ಬಂದು ಕೇಳಲ್ಲ ಬಿಡಿ" ಎಂದರು. ಮನುಷ್ಯ ಎಷ್ಟು ಒಣಗಬಹುದು ಎಂದುಕೊಂಡೆ.

ಏಪ್ರಿಲ್ 3, ಗುರುವಾರ

ಟೇಪಣ್ಣನವರನ್ನು ಕೆಳಗಿನ ಉಗ್ರಾಣಕ್ಕೆ ಹಾಕಿದ್ದಾರೆ. ಮುರಿದ ಮಂಚ, ಗಾಲಿಕುರ್ಚಿಗಳ ಪಟ್ಟಿ ನೋಡಿಕೊಳ್ಳುವ ಕೆಲಸ. ಸರ್ವರ್ ಕೋಣೆಗೆ ಪ್ರವೇಶವಿಲ್ಲ.

ಹೊರಡುವ ಮೊದಲು ಬೀಗದಕೈ ಗೊಂಚಲು ತಂದು ನನ್ನ ಮೇಜಿನ ಮೇಲಿಟ್ಟರು. "ತಗೊಳ್ಳಿ ಮೇಡಂ. ಎ.ಸಿ. ರೂಮಿನದ್ದು ಸ್ವಲ್ಪ ಬಿಗಿ, ಮೇಲಕ್ಕೆತ್ತಿ ತಿರುಗಿಸಬೇಕು."

ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಹೊರಗೆ ಯಾರೋ ಇದ್ದಾರೆಂದು ಅವರಿಗೆ ಅನ್ನಿಸಿರಬೇಕು.

ಆ ದಿನ ನಾನು ಫೋನಿನಲ್ಲಿದ್ದೆ. ರಿಸೀವರ್ ಮುಚ್ಚಿ ನಾನೇನೋ ಅಂದೆ, ಅವರಿಗೆ ಏನು ಕೇಳಿಸಿತೋ. ಅವರ ಕಿವಿಯೂ ಮೊದಲಿನಂತಿಲ್ಲ. ಯಾರದೂ ಪೂರ್ತಿ ತಪ್ಪಲ್ಲ, ಹಾಗೆ ನೋಡಿದರೆ. ಉಗ್ರಾಣದಲ್ಲಿ ಕೆಲಸವೂ ಕಡಿಮೆ, ನಿವೃತ್ತಿಗೆ ಉಳಿದ ಎರಡು ವರ್ಷ ಆರಾಮಾಗಿ ಕಳೆಯಬಹುದು.

ಏಪ್ರಿಲ್ 9, ಬುಧವಾರ

ಟೇಪಣ್ಣ ಮೇಲೆ ಬಂದಿದ್ದರು. ಹೊಸ ಕಾವಲಿನವನು ಒಳಗೆ ಬಿಡಲಿಲ್ಲವಾದ್ದರಿಂದ ಬಾಗಿಲಲ್ಲೇ ನಿಂತಿದ್ದರು. ಕೈಯಲ್ಲೊಂದು ಬೂಟಿನ ಡಬ್ಬ, ಒಳಗೆ ನಾಲ್ಕು ಹಳೆಯ ಬ್ಯಾಕಪ್ ಟೇಪು. ಕಳೆದ ವರ್ಷ ಟೇಪ್ ಓದುವ ಯಂತ್ರವನ್ನು ಗುಜರಿಗೆ ಹಾಕಿದಾಗ ಟೇಪುಗಳನ್ನೆಲ್ಲ ನಾಶಮಾಡಿ ಎಂಬ ಆದೇಶವಿತ್ತು.

"ಇವಿಷ್ಟನ್ನ ಬಿಸಾಡೋಕೆ ಮನಸ್ಸಾಗಿರ್ಲಿಲ್ಲ ಮೇಡಂ. ಧ್ವನಿ ಡಾಕ್ಟರದು ಸ್ವಲ್ಪ ಇರಬಹುದು. ಓದೋ ಮಷಿನ್ ಇರೋರ ಹತ್ರ ಕಳಿಸಿ ನೋಡಿ."

ಅಂದರೆ ಆದೇಶ ಮೀರಿದ್ದರು. ಅದನ್ನು ವರದಿಯಲ್ಲಿ ಹಾಕುವುದಿಲ್ಲ. ಅಷ್ಟಾದರೂ ಅವರಿಗಾಗಿ ಮಾಡಬಲ್ಲೆ.

ಏಪ್ರಿಲ್ 25, ಶುಕ್ರವಾರ

ಟೇಪುಗಳಿಂದ ನಲವತ್ತಾರು ಧ್ವನಿ ವಾಪಸ್ ಬಂದವು. ಉಳಿದ ಭಾಗಕ್ಕೆ ಬೂಷ್ಟು ಹಿಡಿದಿತ್ತಂತೆ. ಧ್ವನಿ ಡಾಕ್ಟರು ಅತ್ತರು. ಹರಾಜಿನವರದು ಆ ನಲವತ್ತಾರರಲ್ಲಿ ಇಲ್ಲ.

ವರದಿ ಬರೆದೆ. 'ವಿಭಾಗದ ಸತತ ಪ್ರಯತ್ನದಿಂದ ಹಳೆಯ ಟೇಪುಗಳನ್ನು ಪತ್ತೆಹಚ್ಚಿ ದತ್ತಾಂಶವನ್ನು ಭಾಗಶಃ ಮರಳಿ ಪಡೆಯಲಾಯಿತು.' ಇಸ್ತ್ರಿ ಸಾಹೇಬರು ಅಲ್ಲಿ 'ಮೇಡಂ ಅವರ ನೇತೃತ್ವದಲ್ಲಿ' ಎಂದು ಸೇರಿಸಿದರು. ಬೇಡ ಸಾರ್ ಎಂದೆ. ಒಂದು ಸಲ ಎಂದೆ.

ಏಪ್ರಿಲ್ 30, ಬುಧವಾರ

ಆದೇಶ ಬಂತು. ಎರಡೂ ಕಟ್ಟಡಕ್ಕೆ ನಾನೇ ಮುಖ್ಯಸ್ಥೆ. ಹೊಸ ಕೋಣೆಗೆ ಎರಡು ಕಿಟಕಿ.

ಮೇ 4, ಭಾನುವಾರ

ಅಮ್ಮನ ಕಿವಿಯ ಯಂತ್ರ ಮತ್ತೆ ಕೀಂಗುಡುತ್ತಿದೆ. "ಟೇಪಣ್ಣ ಯಾಕೆ ಈ ಕಡೆ ಬಂದೇ ಇಲ್ಲ?" ಎಂದು ಕೇಳಿದಳು. ಕೆಲಸ ಜಾಸ್ತಿ ಎಂದೆ. ನಾನು ಸ್ನಾನಕ್ಕೆ ಹೋದಾಗ ಅವಳೇ ಫೋನ್ ಮಾಡಿ ಮಾತಾಡಿದ್ದಾಳೆ. ಹೊರಗೆ ಬಂದರೆ ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಕೆಲಸ ಬಿಟ್ಟನಂತೆ, ಮೊನ್ನೆ. ನಿಂಗೆ ಗೊತ್ತಿಲ್ವಾ?"

ಗೊತ್ತಿತ್ತು. ರಾಜೀನಾಮೆ ಪತ್ರ ನನ್ನ ಮೇಜಿನ ಮೂಲಕವೇ ಹೋಗಿತ್ತು.

"ಏನಂದ್ರು?" ಎಂದೆ.

"ನನ್ನ ಮಂಡಿ ವಿಚಾರ ಕೇಳಿದ. ಕಿವಿ ಯಂತ್ರಕ್ಕೆ ಯಾವ ಸೆಲ್ ಹಾಕ್ಬೇಕು ಅಂತ ಹೇಳ್ದ. ತನ್ನ ಮಗಳ ವಿಚಾರ ಹೇಳ್ದ. ಕಾಲು ಗಂಟೆ ಮಾತಾಡಿದ್ವಿ." ಅಮ್ಮ ಫೋನನ್ನು ಮೇಜಿನ ಮೇಲಿಟ್ಟಳು. "ನಿನ್ನ ಬಗ್ಗೆ ಒಂದು ಮಾತೂ ಆಡ್ಲಿಲ್ಲ. ಅಲ್ಲಿಗೇ ಗೊತ್ತಾಯ್ತು ನಂಗೆ."

ಏನು ಗೊತ್ತಾಯಿತು ಎಂದು ನಾನು ಕೇಳಲಿಲ್ಲ. ವಯಸ್ಸಾದವರಿಗೆ ಕಲ್ಪನೆ ಜಾಸ್ತಿ. ಮಧ್ಯಾಹ್ನ ಇಬ್ಬರೂ ಬೇರೆ ಬೇರೆ ಊಟ ಮಾಡಿದೆವು. ಅವಳಿಗೆ ಹಸಿವಿರಲಿಲ್ಲವಂತೆ, ನಾನು ಪಾತ್ರೆ ತೊಳೆದ ಮೇಲೆ ಹಸಿವಾಯಿತಂತೆ.

ಮೇ 14, ಬುಧವಾರ

ತಿಂಗಳ ಮೊದಲ ದಿನವೇ ಹೊಸ ನಿಯಮ ಹೊರಡಿಸಿದ್ದೆ. ಹತ್ತು ದಿನದೊಳಗೆ ಉತ್ತರ ಬಾರದ ಫೈಲುಗಳನ್ನು ಅಳಿಸಲಾಗುವುದು. ಕೇಳುತ್ತ ಕೂರುವುದಕ್ಕೆ ಈಗ ಎರಡು ಕಟ್ಟಡಗಳಿವೆ.

ಔಷಧ ವಿಭಾಗದ ಮುದುಕ ಗುಮಾಸ್ತರು ಬಂದು ಗೋಗರೆದರು, ಅವರ ಹಳೆಯ ಯಂತ್ರದಲ್ಲಿ ಇಪ್ಪತ್ತು ವರ್ಷದ ಟಿಪ್ಪಣಿ ಇದೆಯಂತೆ. ನೋಡೋಣ ಎಂದೆ. ಆ ಯಂತ್ರ ಅಷ್ಟು ಹೊತ್ತಿಗಾಗಲೇ ಹೋಗಿತ್ತು. ಅವರು ಹೋಗುವಾಗ ಕೈಮುಗಿದು ಹೋದರು. ಒಳ್ಳೆಯ ಜನ, ಬದಲಾವಣೆಗೆ ಹೊಂದಿಕೊಳ್ಳುವುದು ಸ್ವಲ್ಪ ನಿಧಾನ.

ಮೇ 21, ಬುಧವಾರ

ಬೇರೊಂದು ಆಸ್ಪತ್ರೆಯವರು ನಮ್ಮ ಅನುಭವ ಕೇಳಲು ಬಂದಿದ್ದರು. ವಿವರಿಸಿದೆ. ಹಿಂದೆ ಒಬ್ಬ ನೌಕರ ನಾನು ಕೋಣೆಯಲ್ಲಿ ಇಲ್ಲದ ಹೊತ್ತಿನಲ್ಲಿ ಪರಿಶೀಲಿಸದೆ ಸರ್ವರ್ ರೀಸ್ಟಾರ್ಟ್ ಮಾಡಿದ್ದರಿಂದ ಆದ ನಷ್ಟ, ಅದರಿಂದ ನಾವು ಕಲಿತ ಪಾಠ, ಈಗಿನ ವ್ಯವಸ್ಥೆ. ಚೆನ್ನಾಗಿ ಕೇಳಿಸಿಕೊಂಡರು. ಪ್ರಶ್ನೆಗಳೂ ಚೆನ್ನಾಗಿದ್ದವು.

ಮೇ 27, ಮಂಗಳವಾರ

ಧ್ವನಿ ಡಾಕ್ಟರು ಹರಾಜಿನವರನ್ನು ನನ್ನ ಕೋಣೆಗೆ ಕರೆತಂದರು. ಇನ್ನು ಆಸೆಯಿಲ್ಲ ಎಂಬುದನ್ನು ನಾನೇ ಹೇಳಬೇಕಂತೆ, ತಾವು ಎರಡು ತಿಂಗಳಿಂದ ಹೇಳಲಾಗದೆ ಸೋತಿದ್ದಾರಂತೆ. ತಾವು ಬಾಗಿಲ ಹತ್ತಿರ ನಿಂತರು, ಕೂರಿ ಎಂದರೂ ಕೂರಲಿಲ್ಲ.

ಹರಾಜಿನವರು ಹೆಂಡತಿಯ ಜೊತೆ ಬಂದಿದ್ದರು. ಅಂಗೈ ಯಂತ್ರ ತಂದಿರಲಿಲ್ಲ. ಅದರ ಧ್ವನಿ ಬೇಡವೆಂದು ಪೆಟ್ಟಿಗೆಯಲ್ಲಿಟ್ಟಿದ್ದಾರಂತೆ. ಮನೆಯಲ್ಲಿ ಈಗ ಮೇಜು ಬಡಿದು ಕರೆಯುತ್ತಾರೆ ಎಂದರು ಹೆಂಡತಿ, ಒಂದು ಬಡಿದರೆ ನೀರು, ಎರಡು ಬಡಿದರೆ ಬಾ ಅಂತ.

ನಾನು ಇರುವುದನ್ನು ಹೇಳಿದೆ. ಸಾಧ್ಯವಿರುವ ಎಲ್ಲ ಪ್ರಯತ್ನಗಳನ್ನೂ ಮಾಡಲಾಗಿದೆ, ಒಬ್ಬ ನೌಕರರ ತಪ್ಪಿನಿಂದ ಹೀಗಾಯಿತು, ಆಸ್ಪತ್ರೆ ವಿಷಾದಿಸುತ್ತದೆ. ಅವರು ತಲೆಯಾಡಿಸುತ್ತ ಕೇಳಿದರು. ಆಮೇಲೆ ಜೇಬಿನಿಂದ ಚಿಕ್ಕ ಪುಸ್ತಕ ತೆಗೆದು ಬರೆದರು, ದಪ್ಪ ಅಕ್ಷರ, ನಿಧಾನವಾಗಿ:

'ಅವರನ್ನು ಕೆಲಸದಿಂದ ತೆಗೆದರಂತೆ. ಹೌದೇ?'

"ಅವರೇ ಬಿಟ್ಟರು," ಎಂದೆ.

ಮತ್ತೆ ಬರೆದರು. ಈ ಸಲ ತುಂಬ ಹೊತ್ತು. ಹಾಳೆ ಹರಿದು ನನ್ನ ಕಡೆ ತಳ್ಳಿದರು.

'ನಾನೂ ಮೂವತ್ತು ವರ್ಷ ಕೂಗಿದವನು. ಅವಸರದಲ್ಲಿ ಒಬ್ಬರ ಮಾಲು ಇನ್ನೊಬ್ಬರಿಗೆ ಕೂಗಿದ್ದೂ ಉಂಟು. ಬೇಕೆಂದು ಯಾರೂ ಮಾಡುವುದಿಲ್ಲ. ನನಗೆ ಸಿಟ್ಟಿಲ್ಲ ಎಂದು ಅವರಿಗೆ ದಯವಿಟ್ಟು ತಲುಪಿಸಿ. ಇದನ್ನು ಹೊತ್ತುಕೊಂಡು ಅವರು ನಿದ್ದೆಗೆಡುವುದು ಬೇಡ.'

"ಕೊಡ್ತೀರಲ್ವಾ ಅಮ್ಮಾ?" ಎಂದರು ಹೆಂಡತಿ. "ರಾತ್ರಿಯಿಡೀ ಇದನ್ನೇ ಯೋಚನೆ ಮಾಡ್ತಾರೆ, ಪಾಪ ಅವರಿಗೇನಾಯ್ತೋ ಅಂತ."

ತಲುಪಿಸುತ್ತೇನೆ ಎಂದೆ. ಅವರು ಎದ್ದು ಕೈಮುಗಿದರು. ಧ್ವನಿ ಡಾಕ್ಟರು ಮಾತ್ರ ಬಾಗಿಲಲ್ಲೇ ಇನ್ನಷ್ಟು ಹೊತ್ತು ನಿಂತು ನನ್ನನ್ನು ನೋಡಿದರು. ಏನಾದರೂ ಬೇಕಿತ್ತಾ ಡಾಕ್ಟ್ರೇ ಎಂದೆ. ಏನಿಲ್ಲ ಎಂದು ಹೋದರು. ಈಚೆಗೆ ಅವರ ವರ್ತನೆ ಸ್ವಲ್ಪ ವಿಚಿತ್ರವಾಗಿದೆ.

ಹಾಳೆಯನ್ನು ಎರಡು ಸಲ ಓದಿದೆ. ವಿಳಾಸ ಗೊತ್ತಿದೆ, ಎರಡು ಬಸ್ ನಿಲ್ದಾಣದಾಚೆಗಿನ ಮನೆ. ಆದರೆ ರೋಗಿಯ ಬರಹವನ್ನು ಹೊರಗಿನವರಿಗೆ ಕೊಡುವುದಕ್ಕೆ ನಿಯಮದಲ್ಲಿ ಅವಕಾಶವಿಲ್ಲ, ಆ ನೌಕರ ಈಗ ಹೊರಗಿನವನು. ಹಾಳೆಯನ್ನು ಕಡತಕ್ಕೆ ಸೇರಿಸಿ ಪ್ರಕರಣವನ್ನು ಮುಕ್ತಾಯಗೊಳಿಸಲಾಯಿತು.